ಅಪ್ಪನ ಕಾಯಿಲೆ, ನನ್ನ ಕೈ

ನನ್ನ ಹೆಂಡತಿಗೆ ಎಡಗಿವಿ ಕೇಳಿಸುವುದಿಲ್ಲ. ನಾಲ್ಕು ವರ್ಷದ ಹಿಂದೆ ನಾನು ಹೊಡೆದ ಒಂದು ಏಟಿಗೆ ಹೋಯಿತು. ಊರಿನಲ್ಲಿ ಯಾರಾದರೂ ಕೇಳಿದರೆ ಅವಳು ಕಿವಿಗೆ ನೀರು ಹೋಗಿ ಸೋರಿತು ಅನ್ನುತ್ತಾಳೆ. ನಾನು ಪಕ್ಕದಲ್ಲಿದ್ದರೆ ಹೌದು ಎಂದು ತಲೆಯಾಡಿಸುತ್ತೇನೆ. ಇಲ್ಲಾದರೂ ಸುಳ್ಳು ಬೇಡ ಎಂದು ಇದನ್ನೇ ಮೊದಲು ಬರೆಯುತ್ತಿದ್ದೇನೆ.

ನಮ್ಮದು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಒಂದು ಸಣ್ಣ ಊರು. ತೆಂಗಿನ ತೋಟ, ಮೇಲ್ಗಡೆ ಒಂದಿಷ್ಟು ರಾಗಿ ಹೊಲ, ಎರಡು ಎಮ್ಮೆ. ಕಾಯಿ ಮಾರದೆ ಕೊಬ್ಬರಿ ಮಾಡುವ ಮನೆ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳು ಮುಟ್ಟುವಂತಿಲ್ಲ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಕರಟ ಬಿಟ್ಟು ಉಂಡೆಯಾಗಬೇಕು. ಆಗಿದೆಯೋ ಇಲ್ಲವೋ ಎಂದು ಒಡೆದು ನೋಡುವ ಹಾಗಿಲ್ಲ, ಒಡೆದರೆ ಆ ಕಾಯಿ ಹೋಯಿತು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಕೇಳಬೇಕು. ನೀರಿದ್ದರೆ ಒಂದು ಸದ್ದು, ಉಂಡೆ ಬಿಟ್ಟಿದ್ದರೆ ಬೇರೆ ಸದ್ದು. ನನ್ನ ಹೆಂಡತಿ ಎರಡು ಕೈಯಲ್ಲಿ ಎರಡು ಕಾಯಿ ಹಿಡಿದು, ಎರಡೂ ಕಿವಿಗೆ ಒಟ್ಟಿಗೆ ಅಲ್ಲಾಡಿಸಿ, ಆಗಿದ್ದನ್ನು ಒಂದು ಕಡೆಗೆ ಆಗದ್ದನ್ನು ಒಂದು ಕಡೆಗೆ ಎಸೆಯುತ್ತಿದ್ದಳು. ನಮ್ಮ ಸುತ್ತಿನಲ್ಲಿ ಅವಳಷ್ಟು ಬೇಗ ಕಾಯಿ ವಿಂಗಡಿಸುವವರು ಇರಲಿಲ್ಲ. ಈಗ ಒಂದೊಂದೇ ಕಾಯಿಯನ್ನು ಬಲಗಿವಿಗೆ ಹಿಡಿಯುತ್ತಾಳೆ.

ನನಗೆ ಈ ಕೆಲಸ ಕಲಿಸಿದವನು ಅಪ್ಪ. ನಾನು ಚಿಕ್ಕವನಿದ್ದಾಗ ಕಾಯಿ ಪರೀಕ್ಷೆ ಮಾಡುತ್ತ ಮಾಡುತ್ತ ನನ್ನ ತಲೆಯನ್ನೂ ಎರಡು ಅಂಗೈಯ ನಡುವೆ ಹಿಡಿದು ಮೆಲ್ಲಗೆ ಅಲ್ಲಾಡಿಸಿ ಕಿವಿಗೊಡುತ್ತಿದ್ದ. "ಇನ್ನೂ ನೀರೈತೆ ಕಣ್ಲಾ, ಕೊಬ್ಬರಿ ಆಗಿಲ್ಲ" ಅನ್ನುತ್ತಿದ್ದ. ತಂಗಿಯೂ ಓಡಿ ಬಂದು ತಲೆ ಒಡ್ಡುತ್ತಿದ್ದಳು. ಆ ಕೈಯಲ್ಲಿ ನಾವಿಬ್ಬರೂ ಒಂದು ದಿನವೂ ಏಟು ತಿಂದಿರಲಿಲ್ಲ.

ನಾನು ಹೈಸ್ಕೂಲು ಮುಗಿಸುವ ಹೊತ್ತಿಗೆ ಅಪ್ಪನ ಬೆರಳುಗಳು ತಮ್ಮಷ್ಟಕ್ಕೆ ತಾವು ಆಡತೊಡಗಿದವು. ಸುಮ್ಮನೆ ಕೂತಿದ್ದರೂ ಹಾರ್ಮೋನಿಯಂ ನುಡಿಸುವವನ ಹಾಗೆ ಆಡುತ್ತಿದ್ದವು. ಆಮೇಲೆ ಭುಜ ಎಗರತೊಡಗಿತು, ಮುಖ ಸೊಟ್ಟಗಾಗತೊಡಗಿತು, ನಡಿಗೆ ಕುಣಿತವಾಯಿತು. ಕೈಗೆ ಕೊಟ್ಟ ಕಾಯಿ ನೆಲಕ್ಕೆ ಬೀಳುತ್ತಿತ್ತು. ಬಿದ್ದ ಕಾಯಿಯನ್ನು ಯಾರಾದರೂ ನೋಡಿದರೆ ಸಾಕು, ನೋಡಿದವರ ಮೇಲೆ ಅಪ್ಪ ಬೀಳುತ್ತಿದ್ದ.

ಮೊದಲ ಏಟು ಬಿದ್ದದ್ದು ಅವ್ವನಿಗೆ. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಕುದಿಯುವ ಸಾರಿನ ಪಾತ್ರೆಯನ್ನು ಅವಳ ಕಾಲ ಮೇಲೆ ಕವುಚಿದ. ಚರ್ಮ ಸುಲಿದು ಅಂಗಾಲಿನವರೆಗೂ ಬಂತು. ಮುಂದಿನ ತಿಂಗಳು ತೆಂಗಿನ ಎಡೆಮಟ್ಟೆಯಲ್ಲಿ ಹೊಡೆದು ಬಲಗೈ ಮುರಿದ. ಗರಿ ಬಿದ್ದ ಮೇಲೆ ಅದರ ಬುಡದಲ್ಲಿ ಉಳಿಯುವ ಆ ದಪ್ಪ ದಂಟು ಒಣಗಿದರೆ ಒನಕೆಯಷ್ಟೇ ಗಟ್ಟಿ. ಹಾಲು ಕರೆಯುವಾಗ ಒದ್ದ ಎಮ್ಮೆಯ ಮೇಲೆ ಮಚ್ಚು ಬೀಸಿ ಅದರ ತೊಡೆ ಸೀಳಿದ. ಅಪ್ಪ ಒಂದು ತೊಟ್ಟು ಹೆಂಡ ಕುಡಿದವನಲ್ಲ. ಆದರೂ ಊರು ಕುಡುಕನೆಂದೇ ಅಂದುಕೊಂಡಿತು, ಕುಡುಕನಾಗಿದ್ದರೆ ಬೆಳಗ್ಗೆಯಾದರೂ ಸುಮ್ಮನಿರುತ್ತಿದ್ದ ಎಂದು ಯಾರಿಗೂ ಹೊಳೆಯಲಿಲ್ಲ. ಮುರಿದ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಅವ್ವ ನನಗೆ ಹೇಳಿದಳು, "ಇದು ನಿಮ್ಮಪ್ಪ ಅಲ್ಲ ಕಣ್ಲಾ. ಒಳಗಡೆ ಬ್ಯಾರೆ ಯಾರೋ ಕೂತ್ಕಂಡು ಹೊಡೀತಾವ್ರೆ."

ನನಗೆ ಆ ಮಾತು ಕೇಳಿ ಮೈ ಉರಿಯಿತು. ಹೊಡೆಸಿಕೊಂಡವಳೇ ಹೊಡೆದವನನ್ನು ಕಾಯುತ್ತಾಳಲ್ಲ ಎಂದು ಅವಳ ಮೇಲೂ ಸಿಟ್ಟು ಬಂತು.

ಒಳಗೆ ಕೂತಿರುವುದು ಯಾರು ಎಂದು ಕಂಡುಹಿಡಿದವನು ನಮ್ಮ ದೊಡ್ಡಪ್ಪ, ಅಪ್ಪನ ಅಣ್ಣ. ಈ ಕುಣಿತ ಹತ್ತುವುದಕ್ಕೆ ಒಂದು ವರ್ಷ ಮುಂಚೆ ಅಪ್ಪ ಕೊಟ್ಟಿಗೆ ಕಟ್ಟಲು ಅಡ್ಡವಾಗಿದ್ದ, ಕಾಯಿ ಬಿಡುತ್ತಿದ್ದ ಒಂದು ತೆಂಗಿನ ಮರ ಕಡಿದಿದ್ದ. ನಮ್ಮ ಕಡೆ ಬರಡಾದ ಮರ ಕಡಿಯುತ್ತಾರೆಯೇ ಹೊರತು ಹೊಂಬಾಳೆ ಇರುವ ಮರಕ್ಕೆ ಕೊಡಲಿ ಹಾಕುವುದಿಲ್ಲ. ಅದು ಮನೆಯ ಮಗನನ್ನು ಕಡಿದ ಹಾಗೆ ಎನ್ನುತ್ತಾರೆ. ದೊಡ್ಡಪ್ಪ ಊರಿನವರನ್ನು ಅಂಗಳದಲ್ಲಿ ಕೂರಿಸಿಕೊಂಡು ಅಪ್ಪನ ಕಡೆ ಕೈ ತೋರಿಸಿದ. "ನೋಡ್ರಲಾ, ಗಾಳಿಗೆ ಗರಿ ಬಡ್ಕಂಡಂಗೆ ಕೈಕಾಲು ಬಡ್ಕತಾ ಅವ್ನೆ. ಫಲದ ಮರದ ಶಾಪ ಅಂದ್ರೆ ಇದೇಯ" ಅಂದ. ಕೂತಿದ್ದವರೆಲ್ಲ ತೋಟದವರೇ. ಒಬ್ಬನಿಗೂ ಅನುಮಾನ ಬರಲಿಲ್ಲ, ನನಗೂ ಬರಲಿಲ್ಲ.

ತಪ್ಪಿಗೆ ಶಿಕ್ಷೆಯನ್ನೂ ದೊಡ್ಡಪ್ಪನೇ ಗೊತ್ತು ಮಾಡಿದ. ಕಡಿದ ಒಂದು ಮರಕ್ಕೆ ಐದು ಸಸಿ ನೆಡಬೇಕು. ನಲವತ್ತೆಂಟು ದಿನ ಊರಿನ ನೀರಿನ ಕಟ್ಟೆಯಿಂದ ಅಪ್ಪನೇ ಹೆಗಲ ಮೇಲೆ ಬಿಂದಿಗೆ ಹೊತ್ತು ತಂದು ನೀರು ಹಾಕಬೇಕು. ದಾರಿಯಲ್ಲಿ ಒಂದು ಹನಿಯೂ ಚೆಲ್ಲಬಾರದು. ಚೆಲ್ಲಿದರೆ ಮರ ಇನ್ನೂ ಒಪ್ಪಿಲ್ಲ ಎಂದು ಅರ್ಥ, ಆ ದಿನ ಲೆಕ್ಕಕ್ಕಿಲ್ಲ. ಮೈಯೆಲ್ಲ ಕುಣಿಯುವ ಮನುಷ್ಯನಿಗೆ ತುಂಬಿದ ಬಿಂದಿಗೆ ಹೊರಿಸಿ, ಚೆಲ್ಲಬೇಡ ಎಂದು ಹೇಳಿದ ಬುದ್ಧಿವಂತರು ನಾವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ನಾವು ಜ್ವರ ಬಂದ ಎತ್ತಿಗೇ ಬರೆ ಹಾಕಿದೆವು.

ಹಿಂದೆ ನಡೆದು ನೋಡಿಕೊಳ್ಳುವ ಕೆಲಸ ನನ್ನದಾಯಿತು. ಆಗ ನನಗೆ ಹದಿನೆಂಟು. ಕೈಯಲ್ಲಿ ಒಂದು ಎಡೆಮಟ್ಟೆ ಕೊಟ್ಟಿದ್ದರು. ನೀರು ಚೆಲ್ಲಿದ ಕಡೆ ಮಣ್ಣು ಕಪ್ಪಗಾಗುತ್ತಿತ್ತು, ಒಂದು ಕಪ್ಪು ಮಚ್ಚೆಗೆ ಒಂದು ಏಟು. ಮೊದಲ ದಿನ ಕಾಲಿಗೆ ಮೆಲ್ಲಗೆ ಹಾಕಿದೆ. ಒಂದು ವಾರದಲ್ಲಿ ಕೈ ಪಳಗಿತು. ಅವ್ವನ ಸುಟ್ಟ ಕಾಲು, ಮುರಿದ ಕೈ ನೆನೆಸಿಕೊಂಡು ಬೆನ್ನಿಗೆ ಬಾರಿಸುತ್ತಿದ್ದೆ. ಏಟು ಬಿದ್ದಂತೆಲ್ಲ ಮೈ ಇನ್ನಷ್ಟು ಎಗರುತ್ತಿತ್ತು, ನೀರು ಇನ್ನಷ್ಟು ಚೆಲ್ಲುತ್ತಿತ್ತು, ನಾನು ಇನ್ನಷ್ಟು ಹೊಡೆಯುತ್ತಿದ್ದೆ. ತೋಟ ಮುಟ್ಟುವ ಹೊತ್ತಿಗೆ ಬಿಂದಿಗೆಯಲ್ಲಿ ಅರ್ಧ ನೀರೂ ಇರುತ್ತಿರಲಿಲ್ಲ. ಅಪ್ಪ ತಿರುಗಿ, ಸೊಟ್ಟಗಾದ ಬಾಯಲ್ಲಿ, "ನಾನ್ ಚೆಲ್ತಾ ಇಲ್ಲ ಕಣ್ಲಾ, ಅದೇ ಚೆಲ್ತೈತೆ" ಅನ್ನುತ್ತಿದ್ದ. ಈಗ ಅದನ್ನು ನೆನೆಸಿಕೊಂಡರೆ ಕಾಯಿ ಸುಲಿಯುವ ಸಲಾಕೆಗೆ ನನ್ನ ಕೈಯನ್ನೇ ಚುಚ್ಚಿಕೊಳ್ಳಬೇಕು ಅನ್ನಿಸುತ್ತದೆ. ಆಗ ಹಾಗೆ ಅನ್ನಿಸಲಿಲ್ಲ. ನಿಜ ಹೇಳಬೇಕೆಂದರೆ ಹೊಡೆಯುವುದರಲ್ಲಿ ಒಂದು ಸುಖವಿತ್ತು.

ಒಂದು ತಿಂಗಳಾದರೂ ಒಂದೇ ಒಂದು ದಿನವೂ ಲೆಕ್ಕಕ್ಕೆ ಸೇರಲಿಲ್ಲ. ಒಂದು ಬೆಳಗ್ಗೆ ಅಪ್ಪ ಕಟ್ಟೆಯ ಮೇಲೆ ನಿಂತಿದ್ದ ದೊಡ್ಡಪ್ಪನ ಹಣೆಗೆ ತಾಮ್ರದ ಬಿಂದಿಗೆಯನ್ನು ಅಪ್ಪಳಿಸಿದ. ಹುಬ್ಬು ಹರಿದು ರಕ್ತ ಕಣ್ಣಿಗೆ ಇಳಿಯಿತು. ನಾಲ್ಕು ಜನ ಸೇರಿ ಅಪ್ಪನನ್ನು ಕೆಡವಿ, ಎಳೆದುಕೊಂಡು ಹೋಗಿ, ಕಡಿದ ಮರದ ಪಕ್ಕದ ಮರಕ್ಕೆ ನಾರಿನ ಹಗ್ಗದಲ್ಲಿ ಕಟ್ಟಿದರು. ಗಂಟು ಹಾಕಿದವನು ನಾನು. ಆಮೇಲೆ ಎಲ್ಲರೂ ಹೊಡೆದರು. ಹಗ್ಗದೊಳಗೂ ಆ ಮೈ ಕುಣಿಯುವುದನ್ನು ನಿಲ್ಲಿಸಲಿಲ್ಲ, ಕುಣಿದು ಕುಣಿದು ನಾರು ಚರ್ಮ ಕೊಯ್ದು ಒಳಗೆ ಇಳಿಯಿತು. ಬಿಸಿಲು ನೆತ್ತಿಗೆ ಬಂದಾಗ ಅವ್ವ ನೆಟ್ಟಗಿದ್ದ ಒಂದೇ ಕೈಯಲ್ಲಿ ಕುಡುಗೋಲು ಹಿಡಿದು ಬಂದು ಹಗ್ಗ ಕೊಯ್ದಳು. ಯಾರೂ ತಡೆಯಲಿಲ್ಲ. ಅವಳು ನನ್ನ ಮುಖಕ್ಕೆ ಉಗಿದು, ಅಪ್ಪನನ್ನು ತನ್ನ ಹೆಗಲಿಗೆ ಒರಗಿಸಿಕೊಂಡು ಮನೆಗೆ ಹೋದಳು.

ಅಲ್ಲಿಗೆ ಆ ಶಿಕ್ಷೆ ಮುಗಿಯಿತು. ಅಪ್ಪ ಇನ್ನೂ ಮೂರು ವರ್ಷ ಬದುಕಿದ. ಕೊನೆಗೆ ಮಾತು ಹೋಯಿತು, ಮೈಯಲ್ಲಿ ಮೂಳೆ ಉಳಿಯಿತು, ಹೊಡೆಯುವ ಶಕ್ತಿಯೂ ಹೋಯಿತು. ಒಂದು ಮಧ್ಯಾಹ್ನ ಉಣ್ಣುವಾಗ ರಾಗಿ ಮುದ್ದೆಯ ತುತ್ತು ಗಂಟಲಲ್ಲಿ ಸಿಕ್ಕಿಕೊಂಡಿತು. ಮುದ್ದೆ ಅಗಿಯುವ ಪದಾರ್ಥವಲ್ಲ, ನುಂಗುವುದು. ನುಂಗಲು ಬಾರದವನಿಗೆ ಅದನ್ನು ಕೊಡಬಾರದು ಎಂದು ನಮಗೆ ಯಾರು ಹೇಳಬೇಕು. ಕಣ್ಣು ಮೇಲಕ್ಕೆ ಹೋಯಿತು, ಮುಖ ನೀಲಿಯಾಯಿತು. ನಾನು ಹಿಂದಿನಿಂದ ಹಿಡಿದು ಬೆನ್ನಿಗೆ ಗುದ್ದಿದೆ, ಗುದ್ದಿ ಗುದ್ದಿ ನನ್ನ ಕೈ ಸೋತಿತು. ತುತ್ತು ಹೊರಗೆ ಬರಲಿಲ್ಲ. ಅಷ್ಟು ವರ್ಷದಲ್ಲಿ ಅಪ್ಪನನ್ನು ಉಳಿಸಬೇಕೆಂದು ನಾನು ಹೊಡೆದದ್ದು ಅದೊಂದೇ ಸಲ.

ಇದಾದ ಮೇಲೆ ನನ್ನ ಮದುವೆಯಾಯಿತು, ಒಬ್ಬ ಮಗಳು ಹುಟ್ಟಿದಳು, ಈಗ ತಿಪಟೂರಿನಲ್ಲಿ ಓದುತ್ತಿದ್ದಾಳೆ. ತಂಗಿಯನ್ನು ಹುಳಿಯಾರಿಗೆ ಕೊಟ್ಟೆವು, ಅವಳಿಗೆ ಇಬ್ಬರು ಮಕ್ಕಳು. ಅವ್ವ ತೀರಿಕೊಂಡಳು. ನೆಟ್ಟ ಐದು ಸಸಿಗಳಲ್ಲಿ ಮೂರು ಬದುಕಿ ಕಾಯಿ ಬಿಡತೊಡಗಿದವು. ನನ್ನ ಸಿಟ್ಟು ಮಾತ್ರ ಎಲ್ಲಿಗೂ ಹೋಗಲಿಲ್ಲ. ಎಮ್ಮೆಗೆ ಹೊಡೆದೆ, ಆಳಿಗೆ ಹೊಡೆದೆ, ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರನ ಕೊರಳಪಟ್ಟಿ ಹಿಡಿದೆ. ಹೆಂಡತಿಗೂ ಆಗಾಗ ಬೀಳುತ್ತಿತ್ತು. ಅಪ್ಪನ ಗುಣ, ಹುಟ್ಟುಗುಣ ಸುಟ್ಟರೂ ಹೋಗದು ಎಂದು ಊರು ಹೇಳುತ್ತಿತ್ತು. ನಾನೂ ಅದನ್ನು ಒಪ್ಪಿಕೊಂಡು ಹಾಯಾಗಿದ್ದೆ.

ಹೆಂಡತಿಯ ಕಿವಿ ಹೋದ ದಿನ ನಾನು ಶೆಟ್ಟಿಕೆರೆಗೆ ಹೋಗಿದ್ದೆ. ಅಟ್ಟದ ಮೇಲಿನ ತಾರಸಿ ಸೋರುತ್ತಿದೆ ಎಂದು ಹೆಂಡತಿ ಕಾಯಿಗಳನ್ನೆಲ್ಲ ಕೆಳಗೆ ಇಳಿಸಿ ಹರವಿದ್ದಳು. ಇನ್ನೂ ಎರಡು ತಿಂಗಳು ಮುಟ್ಟಬಾರದಿದ್ದ ಕಾಯಿ ಅವು. ಬಾಗಿಲಲ್ಲಿ ನಿಂತು ನೋಡಿದವನಿಗೆ ಕಣ್ಣು ಕೆಂಪಾಯಿತು. ಅವಳು, "ಮಳೆ ನೀರು ಬೀಳ್ತಾ ಇತ್ತು ಕಣ್ರೀ, ನೆಂದ್ರೆ ಕೌಟು ಹಿಡೀತದೆ ಅಂತ" ಎಂದು ಹೇಳುತ್ತಿದ್ದಳು. ಹೇಳಿ ಮುಗಿಸಲು ಬಿಡಲಿಲ್ಲ. ಅಗಲವಾಗಿ ಬಿಚ್ಚಿದ ಬಲಗೈಯಲ್ಲಿ ಎಡಕೆನ್ನೆ, ಕಿವಿ ಎರಡೂ ಸೇರುವಂತೆ ಬಿಟ್ಟೆ. ಅವಳು ಕಾಯಿಗಳ ಮೇಲೆ ಬಿದ್ದಳು. ಬಿದ್ದವಳ ಸೊಂಟಕ್ಕೆ ಒದ್ದೆ. ಎದ್ದು ಕೂತಾಗ ಕಿವಿಯಿಂದ ಒಂದು ಎಳೆ ರಕ್ತ ಕತ್ತಿಗೆ ಇಳಿದಿತ್ತು. ಅವಳು ಅಳಲಿಲ್ಲ. ಕೈಗೆ ಸಿಕ್ಕ ಒಂದು ಕಾಯಿಯನ್ನು ಎಡಗಿವಿಗೆ ಹಿಡಿದು ಅಲ್ಲಾಡಿಸಿದಳು, ಮತ್ತೆ ಅಲ್ಲಾಡಿಸಿದಳು, ಕೆಳಗಿಟ್ಟಳು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ ಎಂಬ ಮಾತಿದೆ. ತುಮಕೂರಿನ ಕಿವಿ ಡಾಕ್ಟರೂ ಹೆಚ್ಚುಕಡಿಮೆ ಅದನ್ನೇ ಹೇಳಿದರು.

ಅಲ್ಲಿಂದ ಅವಳು ನನ್ನ ಜೊತೆ ಬೇಕಾದಷ್ಟೇ ಮಾತಾಡತೊಡಗಿದಳು. ಊಟ ಹಾಕುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಕೇಳದ ಎಡಗಿವಿ ನನ್ನ ಕಡೆಗಿರುವ ಹಾಗೆ ಮಲಗುತ್ತಿದ್ದಳು. ಹಾಗೆ ಎರಡೂವರೆ ವರ್ಷ ಕಳೆಯಿತು.

ಆಗ ತಂಗಿಯ ಹೊಲಿಗೆ ಸೊಟ್ಟಗಾಯಿತು. ಹುಳಿಯಾರಿನಲ್ಲಿ ಅವಳು ಬ್ಲೌಸ್ ಹೊಲಿಯುತ್ತಾಳೆ, ಅವಳ ಕೈಯ ಅಳತೆ ತಪ್ಪುತ್ತಿರಲಿಲ್ಲ. ಹೊಲಿಗೆ ದಾರಿ ಬಿಟ್ಟು ಹೋಗತೊಡಗಿದಾಗ ಕಣ್ಣಿಗೆ ಕನ್ನಡಕ ಹಾಕಿಸಿದರು. ಒಂದು ದಿನ ಸೂಜಿ ಉಗುರಿನ ಮೂಲಕ ಬೆರಳು ದಾಟಿ ಹೋಯಿತು. ನಾನು ನೋಡಲು ಹೋದಾಗ ಅವಳು ಬಾಗಿಲಲ್ಲಿ ನಿಂತಿದ್ದಳು, ಭುಜ ಎಗರುತ್ತಿತ್ತು, ಬೆರಳುಗಳು ಹಾರ್ಮೋನಿಯಂ ನುಡಿಸುತ್ತಿದ್ದವು. ಒಂದು ಇರುವೆಗೂ ಹೊಡೆಯದ ಹೆಣ್ಣು ಅವಳು, ಒಂದು ಮರವನ್ನೂ ಕಡಿದವಳಲ್ಲ.

ಬೆಂಗಳೂರಿನ ನರರೋಗದ ಆಸ್ಪತ್ರೆಯಲ್ಲಿ ಡಾಕ್ಟರು ಅಪ್ಪನ ವಿಷಯ ಕೇಳಿದರು. ನಾನು ಹೇಳುತ್ತಾ ಹೋದ ಹಾಗೆ ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಯಾವನೋ ಹೊರದೇಶದ ಡಾಕ್ಟರ ಹೆಸರಿನ ಕಾಯಿಲೆ ಅದು. ಮೆದುಳಿನ ಒಳಭಾಗದ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಮೈ ಕುಣಿಯುತ್ತದೆ, ಬುದ್ಧಿ ಮಂಕಾಗುತ್ತದೆ, ಕೆಲವರಿಗೆ ತಡೆಯಲಾರದ ಸಿಟ್ಟು ಬರುತ್ತದೆ, ಕೊನೆಗೆ ನುಂಗಲು ಆಗುವುದಿಲ್ಲ. ಅಪ್ಪ ಅಮ್ಮನಲ್ಲಿ ಒಬ್ಬರಿಗೆ ಇದ್ದರೆ ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. "ನಿಮ್ಮ ತಂದೆ ಬೇಕಂತ ಹೊಡೀತಿರಲಿಲ್ಲ, ಅವರ ಕೈಯಲ್ಲಿ ಅದನ್ನ ತಡೆಯೋಕೆ ಆಗ್ತಿರಲಿಲ್ಲ" ಎಂದರು ಡಾಕ್ಟರು. ಕಟ್ಟೆಯಿಂದ ತೋಟದವರೆಗಿನ ಆ ದಾರಿ, ಆ ಕಪ್ಪು ಮಚ್ಚೆಗಳು ಒಂದೊಂದೂ ಕಣ್ಣ ಮುಂದೆ ಬಂದವು.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ನನ್ನ ಕೈ ಹಿಡಿದಳು. ಎರಡೂವರೆ ವರ್ಷದ ಮೇಲೆ ಅವಳಾಗಿ ಮುಟ್ಟಿದ್ದು. "ಹಂಗಾದ್ರೆ ಅದು ನೀವಲ್ಲ ಕಣ್ರೀ" ಅಂದಳು. "ನಿಮಗೂ ಬಂದೈತೆ. ಮಾವನೋರ ಕಾಯ್ಲೆ ಹೊಡೆದಿದ್ದು ನನ್ನ, ನೀವಲ್ಲ." ಆಮೇಲೆ ಬಲಗಿವಿ ನನ್ನ ಎದೆಗೆ ಒತ್ತಿಕೊಂಡು ಅತ್ತಳು. ಏಟು ಬಿದ್ದ ದಿನ ಬಾರದ ಅಳು ಅವತ್ತು ಬಂತು.

ಇರಬಹುದು ಎಂದೆ. ಮುಂದಿನ ಮಾತು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಅವಳ ಕರುಣೆ ನನಗೆ ರುಚಿಸಿತು. ನನಗೆ ಆ ಕಾಯಿಲೆ ಇರಲಿ ಎಂದು ಬಯಸಿದೆ. ಅಪ್ಪನನ್ನು ಹೊಡೆದದ್ದಕ್ಕೂ ಅವಳನ್ನು ಹೊಡೆದದ್ದಕ್ಕೂ ಒಂದೇ ಮದ್ದು ಅದು. ಒಂದು ಬೆಳಗ್ಗೆ ಅವಳು ಚಹಾ ಕೊಟ್ಟಾಗ ಲೋಟ ಹಿಡಿದ ನನ್ನ ಕೈಯನ್ನು ನಾನೇ ಸ್ವಲ್ಪ ನಡುಗಿಸಿದೆ. ಪಂಚೆಯ ಮೇಲೆ ಚಹಾ ಚೆಲ್ಲಿತು. ಮಾರನೆಯ ದಿನದಿಂದ ಅವಳು ಅರ್ಧ ಲೋಟ ಮಾತ್ರ ತುಂಬಿ ಕೊಡತೊಡಗಿದಳು, ಅಂಗಿಯ ಗುಂಡಿ ತಾನೇ ಹಾಕತೊಡಗಿದಳು, ಮುದ್ದೆಯನ್ನು ಸಣ್ಣ ಸಣ್ಣ ತುತ್ತು ಮಾಡಿ ಇಡತೊಡಗಿದಳು. ನಾನು ಬೇಡ ಎನ್ನಲಿಲ್ಲ. ಒಂದು ವರ್ಷ ಹಾಗೆ ನಡೆಯಿತು. ಅಷ್ಟೂ ದಿನ ಸಿಟ್ಟೂ ಬರಲಿಲ್ಲ, ಅದು ಯಾಕೆ ಎಂದು ನಾನು ಕೇಳಿಕೊಳ್ಳಲೂ ಇಲ್ಲ.

ಆ ವರ್ಷವೇ ಬೆಂಗಳೂರಿನ ಒಂದು ಪ್ರಯೋಗಾಲಯದ ಹುಡುಗಿ ನಮ್ಮನ್ನು ಕಂಡಳು. ಇದೇ ಕಾಯಿಲೆಯ ಮೇಲೆ ಸಂಶೋಧನೆ ಮಾಡುವವಳು, ತಂಗಿಯನ್ನು ಅಕ್ಕ ಎಂದೇ ಕರೆದಳು. ಬದುಕಿರುವವರ ಮೆದುಳನ್ನು ತೆಗೆದು ನೋಡುವ ಹಾಗಿಲ್ಲವಲ್ಲ, ಅದಕ್ಕೊಂದು ದಾರಿ ಇದೆ ಎಂದಳು. ತಂಗಿಯ ರಕ್ತದ ಜೀವಕೋಶಗಳನ್ನು ತೆಗೆದುಕೊಂಡು ಅವನ್ನು ಹಿಂದಕ್ಕೆ, ಬಸಿರಿನ ಮೊದಲ ದಿನಗಳ ಸ್ಥಿತಿಗೆ ಒಯ್ಯುತ್ತಾರಂತೆ. ಆಗ ಅದು ಏನು ಬೇಕಾದರೂ ಆಗಬಲ್ಲ ಕೋಶ, ಕಾಂಡಕೋಶ ಎಂದು ಅದರ ಹೆಸರು. ಅದನ್ನು ಮತ್ತೆ ಮುಂದಕ್ಕೆ ನಡೆಸಿ ನರಕೋಶವಾಗಿ ಬೆಳೆಸುತ್ತಾರೆ. ತಂಗಿಯ ಮೆದುಳಿನಲ್ಲಿ ಸಾಯುತ್ತಿರುವ ಜಾತಿಯದೇ ನರಕೋಶ ಗಾಜಿನ ತಟ್ಟೆಯಲ್ಲಿ ಹುಟ್ಟುತ್ತದೆ. ಅದು ಹೇಗೆ ಕೆಡುತ್ತದೆ ಎಂದು ನೋಡಬಹುದು, ಮದ್ದುಗಳನ್ನು ಮನುಷ್ಯರ ಮೇಲೆ ಹಾಕುವ ಮೊದಲು ಅದರ ಮೇಲೆ ಹಾಕಿ ನೋಡಬಹುದು.

"ಕಾಯಿ ಒಡೀದೆ ಕೊಬ್ಬರಿ ನೋಡಬೇಕು ಅಂತೀರಿ" ಎಂದೆ.

"ಹೂಂ, ಅದಕ್ಕೆ ಅದೇ ಕಾಯಿಂದ ಸಸಿ ಮಾಡಿ ನೋಡ್ತೀವಿ ಸರ್" ಎಂದಳು. ಜಾಣೆ. ತಂಗಿಯ ಕಡೆ ತಿರುಗಿ, "ಇದರಿಂದ ನಿಮಗೆ ಗುಣ ಆಗಲ್ಲ ಅಕ್ಕ, ಅದನ್ನ ಮೊದಲೇ ಹೇಳಿಬಿಡ್ತೀನಿ" ಎಂದಳು.

"ನಂಗ್ಯಾಕವ್ವ. ನನ್ ಮಕ್ಳು ನನ್ ವಯಸ್ಸಿಗೆ ಬರೋ ಹೊತ್ಗೆ ಏನಾದ್ರೂ ಸಿಕ್ಲಿ" ಎಂದಳು ತಂಗಿ. ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರೂ ನಡೆಯುತ್ತದೆ ಎಂದಾಗ ಅವಳಿಗೆ ಅವಮಾನವಾಯಿತು. ಎಡಗೈಯಲ್ಲಿ ಬಲಗೈ ಮಣಿಕಟ್ಟು ಹಿಡಿದು, ಮೇಜಿಗೆ ಒತ್ತಿ, ಕಾಗದ ಹರಿಯುವ ಹಾಗೆ ರುಜು ಹಾಕಿದಳು.

ಹೋಲಿಸಿ ನೋಡಲು ಅದೇ ಮನೆಯ ಇನ್ನೊಬ್ಬರ ರಕ್ತವೂ ಬೇಕಿತ್ತು. ನಾನು ತೋಳು ಚಾಚಿದೆ. ಆದರೆ ನನ್ನದನ್ನು ಯಾವ ಸಾಲಿನಲ್ಲಿ ಇಡಬೇಕು ಎಂದು ತಿಳಿಯಲು, ಆ ದೋಷ ನನ್ನಲ್ಲಿ ಇದೆಯೋ ಇಲ್ಲವೋ ಎಂಬ ಪರೀಕ್ಷೆ ಆಗಬೇಕಿತ್ತು. ಆಸ್ಪತ್ರೆಯಲ್ಲಿ ಇದಕ್ಕೆಂದೇ ಇರುವ ಒಬ್ಬ ಹೆಂಗಸು ನನ್ನನ್ನು ಮೂರು ಸಲ ಕರೆಸಿ, ನಿಜಕ್ಕೂ ಗೊತ್ತಾಗಬೇಕೇ, ಯೋಚನೆ ಮಾಡಿ ಎಂದು ಕೇಳಿದರು. ಮೂರು ಸಲವೂ ಬೇಕು ಎಂದೆ. ಇದೆ ಎಂದು ಅವರ ಬಾಯಲ್ಲಿ ಕೇಳಿಸಿಕೊಳ್ಳಲು ಹಪಹಪಿಸುತ್ತಿದ್ದೆ.

ಕೆಲವು ತಿಂಗಳ ಮೇಲೆ, ಫಲಿತಾಂಶದ ದಿನ, ತಂಗಿಯೂ ಬಂದಿದ್ದಳು. ಆ ಹೆಂಗಸು ಲಕೋಟೆ ಒಡೆದು, ಓದಿ, ನಕ್ಕರು. "ನಿಮಗೆ ಇಲ್ಲ. ನಿಮ್ಮ ಮಗಳಿಗೂ ಬರೋ ಪ್ರಶ್ನೆ ಇಲ್ಲ" ಎಂದರು.

"ಸರಿಯಾಗಿ ನೋಡಿ" ಎಂದೆ.

"ಸರಿಯಾಗೇ ನೋಡಿದೀವಿ. ಎರಡು ಸಲ ಪರೀಕ್ಷೆ ಆಗಿದೆ."

"ಇನ್ನೊಂದ್ಸಲ ನೋಡಿ ಅಂದ್ರೆ ನೋಡ್ಬೇಕು" ಎಂದು ಮೇಜಿಗೆ ಗುದ್ದಿದೆ. ನೀರಿನ ಲೋಟ ಉರುಳಿ ಚೂರಾಯಿತು. ಆ ಹೆಂಗಸು ಕುರ್ಚಿ ಸಮೇತ ಹಿಂದಕ್ಕೆ ಸರಿದರು, ಅವರ ಕಣ್ಣಿನಲ್ಲಿ ನನ್ನ ಬಗ್ಗೆ ಹೆದರಿಕೆ ಕಂಡಿತು. ತಂಗಿಯ ಕೈ ಕುಣಿಯುತ್ತಲೇ ಬಂದು ನನ್ನ ಮುಷ್ಟಿಯ ಮೇಲೆ ಕೂತಿತು. "ಒಬ್ರಾದ್ರೂ ಉಳಿದ್ವಲ್ಲ ಬುಡಣ್ಣ" ಎಂದಳು. ನಾನು ಸಂತೋಷಕ್ಕೆ ತಲೆ ಕೆಟ್ಟವನಂತೆ ಆಡುತ್ತಿದ್ದೇನೆ ಎಂದು ಅವಳು ತಿಳಿದಿದ್ದಳು. ಅವಳ ಮುಂದೆ ನಿಜ ಹೇಳುವಷ್ಟು ಕೆಟ್ಟವನಾಗಲು ನನ್ನಿಂದಲೂ ಆಗಲಿಲ್ಲ.

ಸಂಶೋಧನೆಯ ಹುಡುಗಿ ನಮ್ಮಿಬ್ಬರನ್ನೂ ಪ್ರಯೋಗಾಲಯಕ್ಕೆ ಕರೆದುಕೊಂಡು ಹೋದಳು. ಮೈಯ ಬಿಸಿಯಷ್ಟೇ ಬಿಸಿ ಇರುವ ಒಂದು ಪೆಟ್ಟಿಗೆಯಲ್ಲಿ ಸಾಲಾಗಿ ತಟ್ಟೆಗಳು, ತಟ್ಟೆಯಲ್ಲಿ ತಿಳಿಗುಲಾಬಿ ನೀರು. ಹಬ್ಬದ ದಿನವೂ ಬಂದು ನೀರು ಬದಲಿಸಬೇಕು ಎಂದಳು. ನಮ್ಮ ಎಮ್ಮೆಗಿಂತ ಕಷ್ಟ ಎಂದಳು ತಂಗಿ. ಸೂಕ್ಷ್ಮದರ್ಶಕದಲ್ಲಿ ಮೊದಲು ತಂಗಿಯ ತಟ್ಟೆ ತೋರಿಸಿದಳು. ಬೇರು ಬಿಟ್ಟ ಹಾಗೆ ನರಕೋಶಗಳು ಒಂದಕ್ಕೊಂದು ಕೈ ಚಾಚಿದ್ದವು, ಅಲ್ಲಲ್ಲಿ ಕೆಲವು ಮುದುಡಿ ಉದುರಿದ್ದವು. ಆಮೇಲೆ ನನ್ನದು. ತುಂಬಿಕೊಂಡಿತ್ತು, ಒಂದೂ ಉದುರಿರಲಿಲ್ಲ. ಇವತ್ತಿನಿಂದ ಈ ತಟ್ಟೆಗೆ ಆರೋಗ್ಯವಂತ ಎಂದು ಬರೆಯುತ್ತೇವೆ ಎಂದು ಹುಡುಗಿ ಸಂತೋಷದಿಂದ ಹೇಳಿದಳು.

"ಇದ್ರಲ್ಲಿ ಸಿಟ್ಟು ಕಾಣ್ತದೇನಮ್ಮ" ಎಂದು ಕೇಳಿದೆ.

ಅವಳು ಸ್ವಲ್ಪ ಯೋಚಿಸಿದಳು. "ಇಲ್ಲ ಸರ್. ಇಲ್ಲಿರೋದು ಜೀವಕೋಶ ಅಷ್ಟೆ. ಸಿಟ್ಟು ಬರೋಕೆ ಪೂರ್ತಿ ಮನುಷ್ಯ ಬೇಕು."

ಊರಿಗೆ ಬಂದು ವಿಷಯ ಹೇಳಿದಾಗ ಹೆಂಡತಿ ಮಗಳಿಗೆ ಫೋನು ಮಾಡಿದಳು. ಇಬ್ಬರೂ ಫೋನಿನಲ್ಲೇ ಅತ್ತರು. ದೇವರ ಮುಂದೆ ದೀಪ ಹಚ್ಚಿ ಕಾಯಿ ಒಡೆದಳು, ಒಬ್ಬಟ್ಟು ಮಾಡುತ್ತೇನೆ ಎಂದು ಬೇಳೆ ತೆಗೆದಿಟ್ಟಳು. ಆಮೇಲೆ ಕೆಲಸದ ನಡುವೆ ಒಮ್ಮೆ ನಿಂತಳು. ಏನೋ ಜ್ಞಾಪಕ ಬಂದವಳ ಹಾಗೆ ನನ್ನ ಕಡೆ ನೋಡಿ ಒಳಗೆ ಹೋದಳು. ಒಬ್ಬಟ್ಟು ಮಾಡಲಿಲ್ಲ.

ಮಾರನೆಯ ಬೆಳಗ್ಗೆ ಅಟ್ಟದಿಂದ ಇಳಿಸಿದ ಕಾಯಿಗಳ ಮುಂದೆ ಅವಳು ಕೂತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ಅವಳು ಎದ್ದು ಹೋಗಿ ಚಹಾ ತಂದಳು. ಒಂದು ವರ್ಷದಿಂದ ಅರ್ಧವೇ ತುಂಬುತ್ತಿದ್ದ ಲೋಟವನ್ನು ಅವತ್ತು ಕಂಠದವರೆಗೆ ತುಂಬಿದ್ದಳು, ಇನ್ನೊಂದು ಹನಿ ಹಾಕಿದ್ದರೆ ಹೊರಗೆ ಹರಿಯುತ್ತಿತ್ತು. ಕೊಟ್ಟು ಅಲ್ಲೇ ನಿಂತಳು. ನಾನು ತೆಗೆದುಕೊಂಡೆ, ಬಾಯಿಗೆ ಎತ್ತಿದೆ, ಕುಡಿದೆ, ಕೆಳಗಿಟ್ಟೆ. ಒಂದು ತೊಟ್ಟೂ ಚೆಲ್ಲಲಿಲ್ಲ. ನನ್ನ ಕೈಯನ್ನೇ ನೋಡುತ್ತಿದ್ದವಳು ಕೂತು, ಒಂದು ಕಾಯಿ ಎತ್ತಿ ಬಲಗಿವಿಗೆ ಹಿಡಿದು ಅಲ್ಲಾಡಿಸಿ, ಆಗದ ಕಾಯಿಗಳ ಕಡೆಗೆ ಹಾಕಿದಳು.

"ಹಂಗಾದ್ರೆ ಅವತ್ತು ನನ್ನ ಹೊಡೆದಿದ್ದು ಯಾರು" ಎಂದು ಕೇಳಿದಳು.

ನಾನು ಅವಳ ಬಲಗಡೆಯೇ ಕೂತಿದ್ದೆ. ಹೇಳಿದ್ದರೆ ಕೇಳಿಸುತ್ತಿತ್ತು.